ಶುಕ್ರವಾರದ ಕೂಟ

ಚರ್ಚಿನಲ್ಲಿ ಆರಾಧನೆ ಮುಗಿದು ಜನ ಚದುರುತ್ತಿದ್ದಾಗ ಹೆಪ್ಸಿಬಾ ಓಡಿಬಂದು, ಸಭೆಯ ಹಿರಿಯರಾದ ಜಯಕರ ಅವರ ಕಾರಿನ ಬಾಗಿಲಿಗೆ ಅಡ್ಡ ನಿಂತಳು. ಈ ಸಭೆಯ ಆಸರೆಯಲ್ಲಿ ನಡೆಯುವ ಕಾಲೇಜಿನ ಪ್ರಾರ್ಥನಾ ಕೂಟಕ್ಕೆ ಅವಳೇ ನಾಯಕಿ.

“ಅಂಕಲ್, ಈ ಶುಕ್ರವಾರನಾದ್ರೂ ಸಭೆಯಿಂದ ಯಾರಾದ್ರೂ ಒಬ್ರು ಬನ್ನಿ. ನಾಲ್ಕನೇ ಸಲ ಕೇಳ್ತಿದ್ದೀನಿ.”

“ಪ್ರತಿ ಭಾನುವಾರ ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಲ್ಲಮ್ಮ. ಇವತ್ತೂ ಮಾಡಿದ್ವಿ.”

“ಮಾತಾಡೋದೂ ಬೇಡ ಅಂಕಲ್. ಸುಮ್ನೆ ಬಂದು ಕೂತ್ಕೊಳ್ಳಿ, ಸಾಕು.” ಅವಳ ದನಿ ಒಡೆಯಿತು.

ಜಯಕರ ನಕ್ಕು ಅವಳ ತಲೆ ಸವರಿದರು.

“ಹುಡುಗ್ರು ಹಾಡ್ಕೊಂಡು ಖುಷಿಯಾಗಿರೋ ಕಡೆ ಈ ಮುದುಕನಿಗೇನು ಕೆಲಸ? ಅಂದ ಹಾಗೆ, ಈಗ ಎಷ್ಟು ಜನ ಸೇರ್ತೀರಿ?”

ಹೆಪ್ಸಿಬಾ ಕಣ್ಣೊರೆಸಿಕೊಂಡಳು.

“ನೀವು ಬಂದ್ರೆ ಇಬ್ರು.”