ಇಟ್ಟಿಗೆ ಉಜ್ಜಿದ ಅಂಗೈ

ಭುವನ್ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಂಗೈಗೆ ಇಟ್ಟಿಗೆ ಉಜ್ಜುತ್ತಿದ್ದ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಆ ಬಾಡಿಗೆ ಮನೆಯಲ್ಲಿ ಬಿಸಿನೀರಿಗೆ ಬರವಿತ್ತು, ಕಿತ್ತುಬಂದ ಇಟ್ಟಿಗೆಗಳಿಗಿರಲಿಲ್ಲ.

"ಕೈ ಅದಾವೋ, ತಾಮ್ರದ ಕೊಡ ಅದಾವೋ?" ಎಂದ ಅದೇ ಮನೆಯಲ್ಲಿದ್ದ ಹಾವೇರಿಯ ಚನ್ನಪ್ಪ. "ಹುಣಚಿಹಣ್ಣು ತಂದ್ಕೊಡ್ಲೇನು?"

"ನಗಬೇಡ ಕಣೋ. ಹಿಂದೆ ಮೆಕ್ಸಿಕೋದಿಂದ ಅಮೆರಿಕದ ಹೊಲಗಳಿಗೆ ಸುಗ್ಗಿಗೆ ಅಂತ ಕೂಲಿಯವರನ್ನ ಕರೆಸ್ಕೋತಿದ್ರಲ್ಲ, ಮೊದಲು ನೋಡ್ತಿದ್ದಿದ್ದೇ ಅಂಗೈ. ಜಡ್ಡುಗಟ್ಟಿದ್ರೆ ಒಳಗೆ, ಮೆತ್ತಗಿದ್ರೆ ಮನೆಗೆ. ಕೆಲವರು ಕಲ್ಲಿಗೆ ಕೈ ತಿಕ್ಕೊಂಡು ಹೋಗಿ ಸಾಲಲ್ಲಿ ನಿಲ್ತಿದ್ರು."

ಅದು ಭುವನ್‌ನ ಪಿಎಚ್.ಡಿ. ವಿಷಯ. ಕೊನೆಯ ಅಧ್ಯಾಯ ಬರೆಯುವುದು ಬಾಕಿಯಿತ್ತು. ವಿದ್ಯಾರ್ಥಿವೇತನ ಅದಕ್ಕೂ ಮೊದಲೇ ಮುಗಿದಿತ್ತು. ೨೦೦೨ರ ಆ ಬೇಸಿಗೆಗೊಂದು ಕೆಲಸ ಸಿಗದಿದ್ದರೆ ಅಧ್ಯಾಯವನ್ನು ಅಲ್ಲಿಗೇ ಬಿಟ್ಟು ಮೈಸೂರಿಗೆ ಮರಳಬೇಕು. ಊರಾಚೆಯ ಸ್ಟ್ರಾಬೆರಿ ತೋಟದವರು ಫೋನಿನಲ್ಲಿ, "ಶನಿವಾರ ಬನ್ನಿ, ಕೈ ನೋಡಿ ತೆಗೆದುಕೊಳ್ಳುತ್ತೇವೆ" ಎಂದಿದ್ದರು. ಏಕೆ ನೋಡುತ್ತೀರಿ ಎಂದು ಭುವನ್ ಕೇಳಲಿಲ್ಲ. ಆ ವಿಷಯದಲ್ಲಿ ಅವನು ಪರಿಣತ.

ಶನಿವಾರ ಇಬ್ಬರೂ ಉಕ್ರೇನಿನ ವಿದ್ಯಾರ್ಥಿಗಳ ಹಿಂದೆ ಸಾಲಿನಲ್ಲಿ ನಿಂತರು. ಚನ್ನಪ್ಪ ಬಂದದ್ದು ಜೊತೆಗೆ, ಸಾಧ್ಯವಾದರೆ ನಾಲ್ಕು ಹಣ್ಣು ತಿನ್ನಲಿಕ್ಕೆ. ಮೇಲ್ವಿಚಾರಕಿ ಮಿಸೆಸ್ ಹಾರ್ಗ್ರೀವ್ ಎದುರಿಗೆ ಬಂದದ್ದೇ ತಡ, ಭುವನ್ ಎರಡೂ ಅಂಗೈ ಬಿಡಿಸಿ ಹಿಡಿದ, ಫಸ್ಟ್ ಕ್ಲಾಸ್ ಬಂದ ಮಾರ್ಕ್ಸ್ ಕಾರ್ಡಿನಂತೆ.

"ಅಯ್ಯೋ, ಎಲ್ಲಿ ಬಿದ್ದೆ ಮಗು?"

"ಬಿದ್ದಿಲ್ಲ ಮೇಡಂ. ದುಡಿದ ಕೈ ಇದು."

"ಗಾಯದ ಕೈ. ನಮ್ಮ ಹಣ್ಣು ಗಿಡದಿಂದ ನೇರ ಡಬ್ಬಿಗೆ ಹೋಗುತ್ತದೆ, ಮಧ್ಯೆ ತೊಳೆಯುವುದಿಲ್ಲ. ಒಂದು ಬೆರಳಾದರೆ ಪಟ್ಟಿ ಸುತ್ತಬಹುದಿತ್ತು, ಇದು ಎರಡೂ ಅಂಗೈ. ಚರ್ಮ ಮೊದಲಿನಷ್ಟು ಮೆತ್ತಗಾದ ಮೇಲೆ ಬಾ. ಅಷ್ಟರಲ್ಲಿ ಹಣ್ಣು ಮುಗಿದಿರುತ್ತದೆ, ಏನು ಮಾಡುವುದು!"

ಭುವನ್ ಮೆಕ್ಸಿಕೋದ ಕಥೆ ತೆಗೆದ. ಆಕೆ ಇಂಗ್ಲಿಷರ ಸಂಪ್ರದಾಯದಂತೆ ತಲೆ ವಾಲಿಸಿ ಪೂರ್ತಿ ಕೇಳಿ, "ಬಹಳ ಸ್ವಾರಸ್ಯವಾಗಿದೆ" ಎಂದು ಮುಂದಿನವನತ್ತ ತಿರುಗಿದಳು. ಮುಂದಿನವನು ಚನ್ನಪ್ಪ. ಹಿರಿಯರೆದುರು ಜೇಬಿನಲ್ಲಿ ಕೈ ಇಟ್ಟುಕೊಳ್ಳಬಾರದೆಂದು ಆತ ಕೈ ಹೊರತೆಗೆದಿದ್ದ. ತಾನುಂಡ ತಟ್ಟೆಯನ್ನೂ ನೆನಪಾದಾಗ ಮಾತ್ರ ತೊಳೆಯುವ ಕೈ. ಗಾಯವಿಲ್ಲ, ಉಂಗುರವಿಲ್ಲ.

"ಹೀಗಿರಬೇಕು. ಸೋಮವಾರ ಬೆಳಿಗ್ಗೆ ಬಾ."

"ನನಗ ಬ್ಯಾಡ್ರಿ, ಇವಗ ಕೊಡ್ರಿ" ಎಂಬುದನ್ನು ಚನ್ನಪ್ಪ ತನ್ನ ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ಆಕೆ ಇನ್ನೊಬ್ಬನ ಉಗುರು ನೋಡುತ್ತಿದ್ದಳು.

ಬಸ್ ಸ್ಟಾಪಿನಲ್ಲಿ ಚನ್ನಪ್ಪ ಕೇಳಿದ: "ಅಲ್ಲಲೇ, ಆ ಮೆಕ್ಸಿಕೋ ಮಂದಿ ಕಲ್ಲಿಗೆ ಕೈ ತಿಕ್ಕೊಂಡು ಹೋದ್ರಲ್ಲ, ಅವರಿಗರ ಕೆಲಸ ಸಿಕ್ತೇನು?"

"ಅದು ಕೊನೇ ಅಧ್ಯಾಯದಲ್ಲಿ ಬರುತ್ತೆ" ಎಂದ ಭುವನ್.

ಬಸ್ಸು ಬಂತು. ಭುವನ್ ಕಂಬಿ ಹಿಡಿಯಲಾಗದೆ ಅದಕ್ಕೆ ಮೊಣಕೈ ಸಿಕ್ಕಿಸಿಕೊಂಡು ಊರಿನವರೆಗೂ ನಿಂತೇ ಹೋದ.