ಚನ್ನವೀರನ ದನಿ

ಯಾರ ಬಗ್ಗೆ ಮನಸ್ಸಿನಲ್ಲಿ ಗೌರವವಿದೆಯೋ ಅವರ ಮಾತು ಮಾತ್ರ ಕಿವಿಗೆ ಬೀಳುವ ಕಾಲ ಬಂದು ಬಹಳ ವರ್ಷಗಳಾಗಿದ್ದವು. ಹಾಗಾಗಿ, ಅವ್ವ ಮರುಮದುವೆಯಾದ ಚನ್ನವೀರನ ದನಿ ಹೇಗಿದೆಯೆಂದು ನೀಲಾಳಿಗೆ ಎರಡು ವರ್ಷವಾದರೂ ಗೊತ್ತಿರಲಿಲ್ಲ. ಅವನಿಗೆ ಮಾತ್ರ ಮೊದಲ ದಿನದಿಂದಲೂ ಅವಳ ಪ್ರತಿ ಮಾತೂ ಕೇಳಿಸುತ್ತಿತ್ತು. ಮಗಳು ಬೇಕೆಂದೇ ಹೀಗೆ ಮಾಡುತ್ತಾಳೆಂದು ಅವ್ವ ಅಳುತ್ತಿದ್ದಳು. ಕಿವಿಯೇ ಒಪ್ಪದಿದ್ದರೆ ನೀಲಾ ಏನು ಮಾಡಿಯಾಳು?

ಅಂದು ಅವಳು ಶಾಲೆಯಿಂದ ಬಂದಾಗ ಮನೆಗೆ ಸುಣ್ಣ ಬಳಿದಾಗಿತ್ತು. ಗೋಡೆಯಿಂದ ಇಳಿಸಿದ್ದ, ತೀರಿಹೋದ ಅಪ್ಪನ ಫೋಟೋವನ್ನು ಚನ್ನವೀರ ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ನೀಲಾ ಬಾಗಿಲಲ್ಲೇ ನಿಂತಳು.

“ಅದನ್ನ ಒಳಗ ಇಡಪಾ,” ಎಂದಳು ಪಕ್ಕದ ಮನೆಯ ಗೋದಕ್ಕ. “ಅಲ್ಲಿ ನಿಮ್ಮ ಮದುವಿ ಫೋಟೋ ಹಾಕು. ಈಗ ಈ ಮನಿ ಯಜಮಾನ ನೀನ ಅಲ್ಲೇನು?”

ಚನ್ನವೀರನ ತುಟಿ ಆಡಿತು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ, ಮಾತಿನ ನಡುವಿನಿಂದ, ತೆಳ್ಳನೆಯ ದನಿಯೊಂದು ಕೇಳಿಬಂತು.

“...ಬ್ಯಾಡ ಅಕ್ಕಾ. ಹುಡುಗಿ ಸಾಲಿಯಿಂದ ಬಂದ ಕೂಡ್ಲೆ ಮೊದಲು ಅಲ್ಲೇ ನೋಡ್ತಾಳ.”

ಅವನು ಸ್ಟೂಲು ಹತ್ತಿದ. ನೀಲಾ ಬಂದು ಅದನ್ನು ಗಟ್ಟಿಯಾಗಿ ಹಿಡಿದಳು. ಫೋಟೋ ತೂಗುಹಾಕಿ, ಸೊಟ್ಟಗಿದೆಯೇ ಎಂದು ಅವನು ಎಂದಿನಂತೆ ಕೈಸನ್ನೆಯಲ್ಲಿ ಕೇಳಿದ.

“ಬಾಯಿಲೇ ಕೇಳ್ರಿ,” ಎಂದಳು ನೀಲಾ.