ಬಂಡೆಯ ಮೇಲಿನ ಆಕಳು

ಪ್ರಾಣಿಗಳೆಲ್ಲ ಅಳಿದ ಮೇಲೆ ಊರಿನಲ್ಲೊಂದು ರೂಢಿ ಬೆಳೆದಿತ್ತು. ಅಕ್ಷರ ಕಲಿಸುವ ಮೊದಲು ಮಕ್ಕಳನ್ನು ಗವಿಗೆ ಕರೆತಂದು, ಆದಿಮಾನವರು ಬರೆದ ಚಿತ್ರಗಳನ್ನು ತೋರಿಸಿ, ಒಂದೊಂದು ಪ್ರಾಣಿಯ ಕೂಗನ್ನೂ ಬಾಯಿಪಾಠ ಮಾಡಿಸುತ್ತಿದ್ದರು.

ಟೀಚರಮ್ಮ ಕೆಮ್ಮಣ್ಣಿನ ಚಿತ್ರವೊಂದರ ಮೇಲೆ ಟಾರ್ಚ್ ಬಿಟ್ಟಳು. "ಇದು ಆಕಳು. ಹೆಂಗ ಕೂಗ್ತಿತ್ತು, ಹೇಳ್ರಿ?"

"ಬೌ ಬೌ!" ಮಕ್ಕಳು ಒಕ್ಕೊರಲಿನಿಂದ ಬೊಗಳಿದರು.

"ಶಾಬಾಸ್!"

ಮೊಮ್ಮಗಳ ಜೊತೆ ಬಂದಿದ್ದ ಸಂಗವ್ವಜ್ಜಿ ಒಂದು ಹೆಜ್ಜೆ ಮುಂದೆ ಬಂದಳು. ದನ ಕಂಡವರೆಂದು ಊರಿನಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಅವಳ ಚಿಕ್ಕಂದಿನಲ್ಲಿ ಊರಿನ ಕೊನೆಯ ಕರು ಅವಳ ತೊಡೆಯ ಮೇಲೆಯೇ ತಲೆಯಿಟ್ಟು ಸತ್ತಿತ್ತು. "ಹಂಗಲ್ಲ, ತಂಗಿ" ಎನ್ನಲು ಹೋದಳು. ಗಂಟಲಿನಿಂದ ಹೊರಟಿದ್ದು ಮಾತ್ರ ಆ ಕರುವಿನ ದನಿ. "ಅಂಬಾ..."

ಗವಿಯೆಲ್ಲ ಮೊಳಗಿತು. ಮೊಮ್ಮಗಳು ಓಡಿಬಂದು ಅವಳ ಬೆನ್ನು ಸವರಿದಳು.

"ಎಲ್ಲಿ ನೋಯಾಕತ್ತೈತಿ, ಅಜ್ಜಿ?"